ನಿಂಬೆಯ ಕಜ್ಜಿ ರೋಗ ತರುವ ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಿಂಬೆ, ಕಿತ್ತಳೆ, ಮೋಸಂಬಿ ಬೆಳೆಯುವವರಿಗೆ ಕಜ್ಜಿ ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಕ್ಯಾಂಕರ್ ಅಂತಲೂ ಇದನ್ನು ಕರೆಯುತ್ತಾರೆ. ಆದರೆ ಆ ಕಜ್ಜಿ ತರುವ ಬ್ಯಾಕ್ಟೀರಿಯಾ ಬಗ್ಗೆ ನೂರು ವರ್ಷಗಳಿಂದ ನಡೆದಿರುವ ಸಂಶೋಧನೆಯ ಕಥೆ ನಮ್ಮ ಬೆಳೆಗಾರರ ತನಕ ಬಂದಿರುವುದು ಕಡಿಮೆ. ಯಾವ ಔಷಧಿ, ಎಷ್ಟು ಗ್ರಾಂ ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ರೋಗ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಯಾವಾಗ ಸಿಂಪಡಿಸಬೇಕು, ಯಾವಾಗ ಸುಮ್ನೆ ದುಡ್ಡು ದಂಡ ಅನ್ನುವುದೂ ತಿಳಿಯುತ್ತದೆ. ಅದಕ್ಕಾಗಿಯೇ ಬೆಳೆಗಾರರು ಮತ್ತು ಕೃಷಿ ಓದುವ ಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ನನ್ನ ಗಿಡಕ್ಕೆ ಬಂದಿರುವುದು ಕಜ್ಜಿ ರೋಗವೇ ಅಂತ ಗುರುತಿಸುವುದು ಹೇಗೆ?

ಮೊದಲು ಎಲೆಯ ಮೇಲೆ ಸೂಜಿಮೊನೆಯಷ್ಟು ಚಿಕ್ಕ, ನೀರು ತುಂಬಿಕೊಂಡಂಥ ಚುಕ್ಕೆ ಕಾಣುತ್ತದೆ. ಅದು ನಿಧಾನಕ್ಕೆ ಉಬ್ಬಿ, ಒರಟಾಗಿ, ಕಂದು ಬಣ್ಣಕ್ಕೆ ತಿರುಗುತ್ತದೆ. ನಡುವೆ ಸಣ್ಣ ಕುಳಿ ಬೀಳುತ್ತದೆ, ಸುತ್ತ ಸಾಮಾನ್ಯವಾಗಿ ಹಳದಿ ಉಂಗುರ ಇರುತ್ತದೆ. ಎಲೆಯ ಎರಡೂ ಬದಿ ಬೆರಳಾಡಿಸಿ ನೋಡಿ. ಎರಡೂ ಕಡೆ ಉಬ್ಬು ಕೈಗೆ ಸಿಕ್ಕರೆ ಕಜ್ಜಿ ರೋಗದ ಅನುಮಾನ ಜಾಸ್ತಿ. ಶಿಲೀಂಧ್ರದಿಂದ ಬರುವ ಸ್ಕ್ಯಾಬ್ ರೋಗದಲ್ಲಿ ಉಬ್ಬು ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಕಜ್ಜಿ ಎಳೆ ರೆಂಬೆ, ಮುಳ್ಳು, ಹಣ್ಣಿನ ಸಿಪ್ಪೆ ಎಲ್ಲದರ ಮೇಲೂ ಬರುತ್ತದೆ. ರೋಗ ಜೋರಾದರೆ ಎಲೆಯೂ ಕಾಯಿಯೂ ಉದುರುತ್ತವೆ.

ಇದಕ್ಕೆ ಬ್ಯಾಕ್ಟೀರಿಯಾ ಕಾರಣ ಅಂತ ಮೊದಲು ಗೊತ್ತಾಗಿದ್ದು ಯಾವಾಗ?

1915ರಲ್ಲಿ. ಅದಕ್ಕೂ ಕೆಲವು ವರ್ಷ ಮೊದಲು ಜಪಾನಿನಿಂದ ತರಿಸಿದ ಸಸಿಗಳ ಜೊತೆ ಈ ರೋಗ ಅಮೆರಿಕದ ಫ್ಲಾರಿಡಾ ಮತ್ತು ಅಕ್ಕಪಕ್ಕದ ರಾಜ್ಯಗಳಿಗೆ ಬಂದಿತ್ತು. ಶಿಲೀಂಧ್ರದಿಂದ ಬರುವ ರೋಗ ಅಂತಲೇ ಆಗ ನಂಬಿಕೆ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಕ್ಲಾರಾ ಹಾಸ್ ಎಂಬ ಮಹಿಳೆ ಹುಣ್ಣಿನಿಂದ ಹಳದಿ ಬಣ್ಣದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಅದನ್ನು ಚೆನ್ನಾಗಿರುವ ಗಿಡಕ್ಕೆ ಹಚ್ಚಿ, ಅದೇ ಹುಣ್ಣು ಬರುತ್ತದೆ ಅಂತ ತೋರಿಸಿದರು. ಸಸ್ಯರೋಗ ವಿಜ್ಞಾನದಲ್ಲಿ ಹೆಣ್ಣುಮಕ್ಕಳು ಕೈಬೆರಳೆಣಿಕೆಯಷ್ಟಿದ್ದ ಕಾಲ ಅದು. ಅವರ ಹೆಸರನ್ನು ನಮ್ಮ ಪಾಠಗಳಲ್ಲಿ ಇನ್ನೂ ಜಾಸ್ತಿ ಹೇಳಬೇಕು.

ಹಾಸ್ ಇಟ್ಟ ಹೆಸರು ಸ್ಯೂಡೋಮೊನಾಸ್ ಸಿಟ್ರಿ. ಆಮೇಲೆ ಅದು ಹಲವು ಸಲ ಬದಲಾಯಿತು. ಈಗ ಕ್ಸಾಂಥೋಮೊನಾಸ್ ಸಿಟ್ರಿ ಅನ್ನುತ್ತಾರೆ. ಹಳೆಯ ಪ್ರಬಂಧಗಳಲ್ಲಿ ಕ್ಸಾಂಥೋಮೊನಾಸ್ ಕ್ಯಾಂಪೆಸ್ಟ್ರಿಸ್, ಕ್ಸಾಂಥೋಮೊನಾಸ್ ಆಕ್ಸೊನೊಪೋಡಿಸ್ ಎಂಬ ಹೆಸರುಗಳ ಮುಂದೆ ಸಿಟ್ರಿ ಅಂತ ಇದ್ದರೆ, ಅದೂ ಇದೇ ಬ್ಯಾಕ್ಟೀರಿಯಾ. ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಅರ್ಧ ಸಂಶೋಧನೆ ಕಣ್ಣಿಗೇ ಬೀಳುವುದಿಲ್ಲ.

ಈ ರೋಗ ಹುಟ್ಟಿದ್ದು ಎಲ್ಲಿ?

ಏಷ್ಯಾದಲ್ಲಿ. ನಿಂಬೆ ಜಾತಿಯ ಗಿಡಗಳ ತವರೂ ಇದೇ ಖಂಡ, ಅಲ್ವಾ? ಲಂಡನ್ನಿನ ಕ್ಯೂ ತೋಟದಲ್ಲಿ ಒಣಗಿಸಿ ಇಟ್ಟಿರುವ ಹಳೆಯ ಗಿಡಗಳ ಸಂಗ್ರಹ ಇದೆ. 1827ರಿಂದ 1831ರ ನಡುವೆ ಭಾರತದಲ್ಲಿ ಕಿತ್ತ ಮಾದಲದ ಎಲೆಗಳ ಮೇಲೆ ಕಜ್ಜಿಯ ಗುರುತು ಇರುವುದನ್ನು 1930ರ ದಶಕದಲ್ಲಿ ವಿಜ್ಞಾನಿಗಳು ಅಲ್ಲಿ ಕಂಡರು. ಅಂದರೆ ಹಾಸ್ ಅವರ ಕೆಲಸಕ್ಕೂ ಬಹಳ ಮೊದಲೇ ನಮ್ಮಲ್ಲಿ ಈ ರೋಗ ಇತ್ತು.

ಇತ್ತೀಚೆಗೆ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. 1937ರಲ್ಲಿ ಮಾರಿಷಸ್‌ನಲ್ಲಿ ಕಿತ್ತು ಒಣಗಿಸಿಟ್ಟ ಒಂದು ಎಲೆಯಿಂದ ಈ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ ಓದಿ 2021ರಲ್ಲಿ ಪ್ರಕಟಿಸಿದರು. ಸತ್ತು ಎಂಟು ದಶಕ ಕಳೆದ ಬ್ಯಾಕ್ಟೀರಿಯಾವನ್ನು ಇವತ್ತಿನದರ ಜೊತೆ ಹೋಲಿಸಿ, ರೋಗ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅಂತ ಲೆಕ್ಕ ಹಾಕಬಹುದು. ಕಾಲೇಜುಗಳಲ್ಲಿ ಧೂಳು ಹಿಡಿದು ಕೂತಿರುವ ಒಣ ಎಲೆಗಳ ಕಟ್ಟುಗಳನ್ನು ದಯವಿಟ್ಟು ಎಸೆಯಬೇಡಿ.

ಎಲ್ಲ ಕಡೆ ಇರುವುದು ಒಂದೇ ಬ್ಯಾಕ್ಟೀರಿಯಾನಾ?

ಅಲ್ಲ. ಜಗತ್ತಿನ ತುಂಬ ಹರಡಿ ಜಾಸ್ತಿ ಹಾನಿ ಮಾಡುವುದು ಎ ಬಗೆ. ಇದು ನಿಂಬೆ, ಚಕ್ಕೋತದಂಥ ಗ್ರೇಪ್‌ಫ್ರೂಟ್, ಕಿತ್ತಳೆ ಎಲ್ಲಕ್ಕೂ ತಗಲುತ್ತದೆ. ಎ ಸ್ಟಾರ್ ಎಂಬ ಬಗೆ ಮುಖ್ಯವಾಗಿ ಕಾಗ್ಜಿ ನಿಂಬೆಗೆ ಮಾತ್ರ ಬರುತ್ತದೆ. ಇರಾನ್, ಒಮಾನ್, ಸೌದಿ ಅರೇಬಿಯಾ ಮತ್ತು ನಮ್ಮ ದೇಶದಲ್ಲಿ ಅದು ಸಿಕ್ಕಿದೆ. ಬಿ ಮತ್ತು ಸಿ ಬಗೆಗಳು ದಕ್ಷಿಣ ಅಮೆರಿಕದವು. ಅವು ಬೇರೆಯೇ ಗುಂಪಿನ ಬ್ಯಾಕ್ಟೀರಿಯಾ.

ಬ್ಯಾಕ್ಟೀರಿಯಾ ಎಲೆಯೊಳಗೆ ಹೋಗುವುದು ಹೇಗೆ?

ಮಳೆ ಮತ್ತು ಗಾಳಿ ಒಟ್ಟಿಗೆ ಬಂದಾಗ. ಹಳೆಯ ಹುಣ್ಣು ನೆನೆದರೆ ಕೆಲವೇ ನಿಮಿಷದಲ್ಲಿ ಅದರಿಂದ ಬ್ಯಾಕ್ಟೀರಿಯಾ ಹೊರಗೆ ಜಿನುಗುತ್ತವೆ. ಮಳೆಹನಿ ಸಿಡಿದಾಗ ಅವೂ ಪಕ್ಕದ ಎಲೆಗೆ ಹಾರುತ್ತವೆ. ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್ ದಾಟಿದರೆ, ಅಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್, ಮಳೆನೀರು ಎಲೆಯ ಉಸಿರುರಂಧ್ರಗಳ ಒಳಕ್ಕೇ ತಳ್ಳಿಕೊಂಡು ಹೋಗುತ್ತದೆ. ಮುಳ್ಳು ತಾಗಿದ ಗೀರು, ಕತ್ತರಿ ಹಾಕಿದ ಜಾಗ ಕೂಡ ಬಾಗಿಲೇ.

ಎಳೆ ಎಲೆಗೆ ಅಪಾಯ ಜಾಸ್ತಿ. ಪೂರ್ತಿ ಬಲಿತ ಎಲೆಗೆ ಗಾಯ ಆಗದಿದ್ದರೆ ರೋಗ ಬರುವುದು ಕಡಿಮೆ. ಕಾಯಿಗೂ ಅಷ್ಟೇ, ಹೂವಿನ ದಳ ಉದುರಿದ ಮೇಲೆ ಸುಮಾರು ಮೂರು ತಿಂಗಳು ಕಾಯ್ದುಕೊಳ್ಳಬೇಕು.

ಇಲ್ಲಿ ರಂಗೋಲಿ ಹುಳುವಿನ ಮಾತು ಬಿಡುವ ಹಾಗಿಲ್ಲ. ಈ ಹುಳು ಎಳೆ ಎಲೆಯ ಪದರದೊಳಗೆ ಸುರಂಗ ಕೊರೆಯುತ್ತದೆ. ಹುಳು ರೋಗವನ್ನು ಹೊತ್ತು ತಿರುಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಅದು ಅಷ್ಟು ನಿಜವಲ್ಲ. ಅದು ಮಾಡುವ ಗಾಯ ಬೇಗ ಮಾಯುವುದಿಲ್ಲ, ಒಳಗಿನ ಎಳೆ ಕೋಶಗಳು ಹೊರಗೆ ಕಾಣುತ್ತವೆ, ಮಳೆಯಲ್ಲಿ ಬಂದ ಬ್ಯಾಕ್ಟೀರಿಯಾಗೆ ಅಲ್ಲಿ ಸಲೀಸಾಗಿ ಜಾಗ ಸಿಗುತ್ತದೆ. ಹಾಗಾಗಿ ಚಿಗುರಿನ ಕಾಲದಲ್ಲಿ ಈ ಹುಳು ಹತೋಟಿಯಲ್ಲಿದ್ದರೆ ಕಜ್ಜಿಯೂ ಕಡಿಮೆ.

ಒಳಗೆ ಹೋದ ಮೇಲೆ ಅದು ಮಾಡುವುದಾದರೂ ಏನು?

ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಕಜ್ಜಿಯ ಉಬ್ಬನ್ನು ಕಟ್ಟುವುದು ಬ್ಯಾಕ್ಟೀರಿಯಾ ಅಲ್ಲ. ಗಿಡವೇ ಕಟ್ಟುತ್ತದೆ. ಬ್ಯಾಕ್ಟೀರಿಯಾ ಗಿಡದೊಳಗಿನ ಒಂದು ಸ್ವಿಚ್ ಒತ್ತುತ್ತದೆ ಅಷ್ಟೇ.

ಬ್ಯಾಕ್ಟೀರಿಯಾ ಗಿಡದ ಕೋಶಗಳ ಒಳಗೆ ನುಗ್ಗುವುದಿಲ್ಲ. ಕೋಶಗಳ ನಡುವಿನ ಸಂದಿಯಲ್ಲಿ ಕೂರುತ್ತದೆ. ಅಲ್ಲಿಂದ ಸೂಜಿಯಂಥ ಒಂದು ಕೊಳವೆ ಚಾಚಿ, ತನ್ನ ಪ್ರೋಟೀನ್‌ಗಳನ್ನು ಗಿಡದ ಕೋಶದೊಳಕ್ಕೆ ಚುಚ್ಚುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಪಿಟಿಎಚ್‌ಎ4. ಅದು ಕೋಶಕೇಂದ್ರಕ್ಕೆ ಹೋಗಿ, ಗಿಡದ ಡಿಎನ್‌ಎ ಮೇಲೆ ಒಂದು ನಿಗದಿತ ಜಾಗ ಹುಡುಕಿ ಕೂರುತ್ತದೆ. ಆಗ ಎಲ್‌ಒಬಿ1 ಎಂಬ ಗಿಡದ ಜೀನ್ ಚಾಲೂ ಆಗುತ್ತದೆ. ಕೋಶಗಳು ಉಬ್ಬುತ್ತವೆ, ಒಂದೇ ಸಮನೆ ಒಡೆದು ಜಾಸ್ತಿಯಾಗುತ್ತವೆ. ಕೊನೆಗೆ ಎಲೆಯ ಮೇಲ್ಪದರ ಬಿರಿಯುತ್ತದೆ. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಹೊರಬಂದು ಮುಂದಿನ ಮಳೆಗೆ ಕಾಯುತ್ತವೆ.

ಇದು ಒಂದೇ ದಿನದಲ್ಲಿ ಗೊತ್ತಾಗಿದ್ದಲ್ಲ. 1990ರ ದಶಕದ ಶುರುವಿನಲ್ಲಿ ಫ್ಲಾರಿಡಾದಲ್ಲಿ ಸಂಜಯ್ ಸ್ವರೂಪ್ ಮತ್ತು ಜೊತೆಗಾರರು ಪಿಟಿಎಚ್‌ಎ4 ಸೇರಿರುವ ಗುಂಪಿನ ಪಿಟಿಎಚ್‌ಎ ಜೀನ್ ಕಂಡುಹಿಡಿದರು. ಅದನ್ನು ಹತ್ತಿರದ ಬೇರೆ ಬ್ಯಾಕ್ಟೀರಿಯಾಗಳಿಗೆ ಸೇರಿಸಿದಾಗ, ನಿಂಬೆಯಲ್ಲಿ ಕಜ್ಜಿ ತರದ ಆ ಬ್ಯಾಕ್ಟೀರಿಯಾಗಳೂ ಕಜ್ಜಿಯಂಥ ಹುಣ್ಣು ಎಬ್ಬಿಸಿದವು. 2014ರಲ್ಲಿ ಎಲ್‌ಒಬಿ1 ಸಿಕ್ಕಿತು. ಆಗ ಮಾಡಿದ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಪಿಟಿಎಚ್‌ಎ4 ಇಲ್ಲದ ಬ್ಯಾಕ್ಟೀರಿಯಾದಿಂದ ಕಜ್ಜಿ ಉಬ್ಬುವುದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲೇ ಮಾಡಿದ ಬೇರೊಂದು ಪ್ರೋಟೀನ್ ಕೊಟ್ಟರು. ಆ ಪ್ರೋಟೀನ್ ಎಲ್‌ಒಬಿ1 ಜೀನನ್ನು ಚಾಲೂ ಮಾಡುವ ಹಾಗೆ ರೂಪಿಸಿದ್ದರು. ಕಜ್ಜಿ ಮತ್ತೆ ಉಬ್ಬಿತು. ಯಾರು ಒತ್ತಿದರೂ ಸರಿ, ಸ್ವಿಚ್ ಅದೇ ಅಂತ ಖಚಿತವಾಯಿತು.

ಪ್ರೋಟೀನ್‌ಗೆ ಡಿಎನ್‌ಎಯಲ್ಲಿ ತನ್ನ ಜಾಗ ಹೇಗೆ ಗೊತ್ತಾಗುತ್ತದೆ?

ಅದರ ನಡುಭಾಗದಲ್ಲಿ ಹೆಚ್ಚುಕಡಿಮೆ ಒಂದೇ ಥರದ ತುಂಡುಗಳು ಸಾಲಾಗಿರುತ್ತವೆ. ಒಂದೊಂದರಲ್ಲೂ 34 ಅಮೈನೊ ಆಮ್ಲ. ಅವುಗಳಲ್ಲಿ ಎರಡು ಮಾತ್ರ ತುಂಡಿನಿಂದ ತುಂಡಿಗೆ ಮುಖ್ಯವಾಗಿ ಬದಲಾಗುತ್ತವೆ. ಆ ಎರಡು ಅಮೈನೊ ಆಮ್ಲ ಸೇರಿ ಡಿಎನ್‌ಎಯ ಒಂದು ಅಕ್ಷರವನ್ನು ಗುರುತು ಹಿಡಿಯುತ್ತವೆ. 2009ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಈ ಗುಟ್ಟನ್ನು ಬಿಡಿಸಿದವು. ಈ ತಿಳಿವಳಿಕೆಯಿಂದಲೇ ಟ್ಯಾಲೆನ್ ಎಂಬ ಡಿಎನ್‌ಎ ಕತ್ತರಿ ಹುಟ್ಟಿತು. ಇವತ್ತು ಅದು ಮನುಷ್ಯರ ಕ್ಯಾನ್ಸರ್ ಚಿಕಿತ್ಸೆಯ ಸಂಶೋಧನೆಯಲ್ಲೂ ಬಳಕೆಯಲ್ಲಿದೆ. ಗಿಡದ ರೋಗದ ಮೇಲೆ ಖರ್ಚು ಮಾಡಿದ ದುಡ್ಡು ಎಲ್ಲಿಗೆ ಬಂದು ಉಪಯೋಗಕ್ಕೆ ಬೀಳುತ್ತದೆ ನೋಡಿ.

ಬ್ರೆಜಿಲ್‌ನವರ ಹೆಸರು ಇದರಲ್ಲಿ ಪದೇ ಪದೇ ಬರುತ್ತದಲ್ಲ, ಯಾಕೆ?

ಕಿತ್ತಳೆ ರಸದ ವ್ಯಾಪಾರದಲ್ಲಿ ಬ್ರೆಜಿಲ್ ಜಗತ್ತಿಗೇ ಮುಂದು. ಅಲ್ಲಿನ ಸಾವೊ ಪಾಲೊ ರಾಜ್ಯಕ್ಕೆ ಈ ರೋಗ 1957ರಲ್ಲಿ ಬಂತು. ಅಲ್ಲಿನ ಸರ್ಕಾರಿ ಸಂಶೋಧನಾ ನಿಧಿ ಮತ್ತು ಬೆಳೆಗಾರರ ಸಂಸ್ಥೆ ಫುಂಡೆಸಿಟ್ರಸ್ ಕೈಜೋಡಿಸಿದವು. 2002ರಲ್ಲಿ ಈ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಪ್ರಕಟವಾಯಿತು. ಸುಮಾರು 52 ಲಕ್ಷ ಅಕ್ಷರಗಳ ಒಂದು ಮುಖ್ಯ ವರ್ಣತಂತು, ಜೊತೆಗೆ ಎರಡು ಪ್ಲಾಸ್ಮಿಡ್, ಅಂದರೆ ಬೇರೆಯಾಗಿರುವ ಚಿಕ್ಕ ಡಿಎನ್‌ಎ ಉಂಗುರಗಳು. ಪಿಟಿಎಚ್‌ಎಯ ನಾಲ್ಕು ಪ್ರತಿಗಳು ಆ ಪ್ಲಾಸ್ಮಿಡ್‌ಗಳ ಮೇಲೇ ಇವೆ. ಕೋಸು ಜಾತಿಯ ಬೆಳೆಗೆ ರೋಗ ತರುವ ಅದರ ಸೋದರ ಬ್ಯಾಕ್ಟೀರಿಯಾದ ಜೀನೋಮನ್ನೂ ಅದೇ ಪ್ರಬಂಧದಲ್ಲಿ ಪಕ್ಕಕ್ಕಿಟ್ಟು ಹೋಲಿಸಿದರು. ಒಂದು ನಿಂಬೆಗೆ, ಇನ್ನೊಂದು ಕೋಸಿಗೆ ಯಾಕೆ ಅಂಟುತ್ತದೆ ಅಂತ ಹುಡುಕಲು ಅದು ದಾರಿ ಮಾಡಿತು.

ಸಾವೊ ಪಾಲೊದ ಪ್ರಯೋಗಾಲಯಗಳಿಂದ ಇನ್ನೊಂದು ವಿಷಯವೂ ಹೊರಬಂತು. ಈ ಬ್ಯಾಕ್ಟೀರಿಯಾ ಗಿಡದ ಮೇಲಷ್ಟೇ ಅಲ್ಲ, ಪಕ್ಕದ ಬೇರೆ ಬ್ಯಾಕ್ಟೀರಿಯಾಗಳ ಮೇಲೂ ದಾಳಿ ಮಾಡುತ್ತದೆ. ಅದಕ್ಕೆ ಬೇರೆಯೇ ಕೊಳವೆ ಇದೆ. ಅದರಿಂದ ವಿಷದ ಪ್ರೋಟೀನ್ ಚುಚ್ಚಿ ನೆರೆಯವನ್ನು ಕೊಲ್ಲುತ್ತದೆ. ನಾವು ಒಳ್ಳೆಯ ಬ್ಯಾಕ್ಟೀರಿಯಾ ಸಿಂಪಡಿಸಿ ರೋಗ ತಡೆಯಲು ಹೋದರೆ, ಅದು ಇದರ ಎದುರು ಉಳಿಯಬೇಕು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ರೋಗ ಬರದ ಗಿಡ ಸಿದ್ಧವಾಗಿದೆಯಾ?

ಪ್ರಯೋಗಾಲಯದಲ್ಲಿ ಆಗಿದೆ. ರೈತರ ತೋಟಕ್ಕೆ ಅದು ಇನ್ನೂ ದೂರ.

ಸ್ವಿಚ್ ಎಲ್ಲಿದೆ ಅಂತ ಗೊತ್ತಾದ ಮೇಲೆ ಅದನ್ನೇ ತಿದ್ದುವ ಯೋಚನೆ ಬಂತು. ಕ್ರಿಸ್ಪರ್ ಎಂಬ ಡಿಎನ್‌ಎ ತಿದ್ದುವ ತಂತ್ರದಿಂದ ಮೊದಲು ಗ್ರೇಪ್‌ಫ್ರೂಟ್ ಗಿಡದಲ್ಲಿ ಪ್ರಯತ್ನಿಸಿದರು. ಗಿಡದಲ್ಲಿ ಎಲ್‌ಒಬಿ1ರ ಎರಡು ಪ್ರತಿ ಇರುತ್ತವೆ. ಒಂದನ್ನು ತಿದ್ದಿದರೆ ಸಾಲಲಿಲ್ಲ, ಸಹಜ ಬ್ಯಾಕ್ಟೀರಿಯಾ ಇನ್ನೊಂದನ್ನು ಹಿಡಿದು ಕಜ್ಜಿ ಎಬ್ಬಿಸಿತು. 2017ರಲ್ಲಿ ಫ್ಲಾರಿಡಾ ಮತ್ತು ಚೀನಾದ ತಂಡಗಳು ಮುಂದಿನ ಹೆಜ್ಜೆ ಇಟ್ಟು, ಎರಡೂ ಪ್ರತಿಗಳನ್ನು ತಿದ್ದಿದವು. ಆಗ ಕಜ್ಜಿ ಬಹಳ ಕಡಿಮೆಯಾಯಿತು. 2023ರಲ್ಲಿ ಫ್ಲಾರಿಡಾದವರು ಹೊರಗಿನ ಜೀನ್ ಯಾವುದೂ ಉಳಿಯದ ಹಾಗೆ ತಿದ್ದಿದ ಕಿತ್ತಳೆ ಗಿಡಗಳನ್ನು ಪ್ರಕಟಿಸಿದರು.

ಈ ಕೊನೆಯ ಮಾತು ನಮಗೂ ಮುಖ್ಯ. ಹೊರಗಿನ ಡಿಎನ್‌ಎ ಇಲ್ಲದ ಕೆಲವು ಬಗೆಯ ಜೀನ್ ತಿದ್ದುಪಡಿ ಬೆಳೆಗಳಿಗೆ ಭಾರತ ಸರ್ಕಾರ 2022ರ ಮಾರ್ಚ್‌ನಲ್ಲಿ ಕುಲಾಂತರಿ ಬೆಳೆಗಳ ಕಟ್ಟುನಿಟ್ಟಾದ ನಿಯಮಗಳಿಂದ ವಿನಾಯಿತಿ ಕೊಟ್ಟಿದೆ. ನಮ್ಮ ಕಾಗ್ಜಿ ನಿಂಬೆಯಲ್ಲಿ ಇದನ್ನು ಮಾಡಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ. ಅದಕ್ಕೆ ರೋಗ ಇಷ್ಟು ಸುಲಭವಾಗಿ ತಗಲುವಾಗ, ಹೊರದೇಶದವರು ತಮ್ಮ ಹಣ್ಣಿಗೆ ಮಾಡಿದ ಕೆಲಸವನ್ನು ನೋಡುತ್ತಾ ಕೂರಬಾರದು.

ಒಂದು ಎಚ್ಚರಿಕೆ ಇದೆ. ಬ್ಯಾಕ್ಟೀರಿಯಾ ಸುಮ್ಮನಿರುವುದಿಲ್ಲ. ಅದರ ಪ್ರೋಟೀನ್ ಬದಲಾಗಿ, ತಿದ್ದಿದ ಜಾಗದ ಪಕ್ಕದಲ್ಲೇ ಕೂತು ಅದೇ ಜೀನ್ ಚಾಲೂ ಮಾಡಬಹುದು. ಆದ್ದರಿಂದ ಸ್ವಿಚ್ಚಿನ ಜಾಗವನ್ನು ಮಾತ್ರ ತಿದ್ದುವುದಕ್ಕಿಂತ ಜೀನನ್ನೇ ತಿದ್ದುವುದು ಹೆಚ್ಚು ದಿನ ಬಾಳಬಹುದು ಅಂತ ಯೋಚಿಸುವವರಿದ್ದಾರೆ.

ರೋಗ ಬಂದ ಮರಗಳನ್ನೆಲ್ಲ ಕಡಿದು ಸುಟ್ಟರೆ ಮುಗಿಯುವುದಿಲ್ಲವೇ?

ರೋಗ ಹೊಸದಾಗಿ ಬಂದ, ಸುತ್ತ ಗಡಿ ಹಾಕಬಹುದಾದ ಜಾಗದಲ್ಲಿ ಮುಗಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಮರಾಲ್ಡ್ ಎಂಬ ಊರಿನ ಸುತ್ತ 2004ರಲ್ಲಿ ರೋಗ ಸಿಕ್ಕಿತು. ನಿಂಬೆ ಜಾತಿಯ ಗಿಡಗಳನ್ನು ತೆಗೆದುಹಾಕಿ 2009ರಲ್ಲಿ ರೋಗ ಹೋಯಿತು ಅಂತ ಘೋಷಿಸಿದರು.

ಫ್ಲಾರಿಡಾದ ಅನುಭವ ಬೇರೆ. ಅಲ್ಲಿ ಎರಡು ಸಲ ರೋಗವನ್ನು ಅಳಿಸಿಹಾಕಿದ್ದರು. 1995ರಲ್ಲಿ ಮಯಾಮಿ ಹತ್ತಿರ ಮನೆಗಳ ಹಿತ್ತಲಲ್ಲಿ ಮತ್ತೆ ಸಿಕ್ಕಿತು. ರೋಗದ ಮರದ ಸುತ್ತ 125 ಅಡಿಯೊಳಗಿನ ಗಿಡಗಳನ್ನೆಲ್ಲ ಕಡಿಯಬೇಕು ಅಂತ ಮೊದಲಿನ ನಿಯಮ. ಅರ್ಜೆಂಟೀನಾದಲ್ಲಿ ಮಳೆಯಿಂದ ರೋಗ ಹರಡಿದ ದೂರ ನೋಡಿ ಹಾಕಿದ ಲೆಕ್ಕ ಅದು. ಆದರೂ ರೋಗ ನಿಲ್ಲಲಿಲ್ಲ. ಊರಿನ ಬೀದಿಗಳಲ್ಲೇ ಅಳತೆ ಮಾಡಿದಾಗ ದೂರ ಇನ್ನೂ ಬಹಳ ಜಾಸ್ತಿ ಅಂತ ತಿಳಿಯಿತು. ನಿಯಮ 1,900 ಅಡಿಗೆ ಏರಿತು. ಚೆನ್ನಾಗಿ ಕಾಣುವ ತಮ್ಮ ಮನೆಯ ಮರಕ್ಕೆ ಕೊಡಲಿ ಬೀಳುವುದನ್ನು ಜನ ಒಪ್ಪಲಿಲ್ಲ, ಕೋರ್ಟಿಗೆ ಹೋದರು. ಕೆಲಸ ತಡವಾಯಿತು. 2004 ಮತ್ತು 2005ರ ಚಂಡಮಾರುತಗಳು ರೋಗವನ್ನು ಹಿಡಿತ ಮೀರಿ ಹರಡಿದವು. ಅಷ್ಟರಲ್ಲಿ ಕೋಟಿಗೂ ಮೀರಿ ಮರಗಳು ನೆಲಕ್ಕೆ ಬಿದ್ದಿದ್ದವು. 2006ರ ಜನವರಿಯಲ್ಲಿ ಆ ಯೋಜನೆ ನಿಂತಿತು.

ನಮ್ಮಲ್ಲಿ ರೋಗ ತಲೆಮಾರುಗಳಿಂದ ನೆಲೆಸಿದೆ. ಎಲ್ಲವನ್ನೂ ಕಡಿಯುವ ಮಾತು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಹತೋಟಿಯೇ ದಾರಿ.

ಯಾವ ಔಷಧಿ ಕೆಲಸ ಮಾಡುತ್ತದೆ?

ತಾಮ್ರ. ಬೋರ್ಡೊ ದ್ರಾವಣ ಅಥವಾ ಕಾಪರ್ ಆಕ್ಸಿಕ್ಲೋರೈಡ್. ಶೇ. 1ರ ಬೋರ್ಡೊ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತಾಮ್ರ ಎಲೆಯ ಮೇಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಒಳಗೆ ಸೇರಿದ್ದನ್ನಲ್ಲ. ಹುಣ್ಣು ಎದ್ದ ಮೇಲೆ ಎಷ್ಟು ಹೊಡೆದರೂ ಆ ಹುಣ್ಣು ಮಾಯುವುದಿಲ್ಲ. ಹೊಸ ಚಿಗುರು ಬರುವಾಗ, ಮಳೆಗೆ ಮೊದಲು ಹೊಡೆದರೆ ಪ್ರಯೋಜನ.

ಹಾಗಂತ ತಾಮ್ರವನ್ನು ವರ್ಷವಿಡೀ ಹೊಡೆಯಬೇಡಿ. ಅರ್ಜೆಂಟೀನಾದಲ್ಲಿ 1990ರ ದಶಕದಲ್ಲೇ ತಾಮ್ರಕ್ಕೆ ಜಗ್ಗದ ಬ್ಯಾಕ್ಟೀರಿಯಾ ಸಿಕ್ಕಿವೆ. ಆ ಗುಣದ ಜೀನ್‌ಗಳು ಪ್ಲಾಸ್ಮಿಡ್ ಮೇಲಿರುವುದರಿಂದ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಮಣ್ಣಿನಲ್ಲೂ ತಾಮ್ರ ಸೇರುತ್ತಾ ಹೋಗುತ್ತದೆ.

ಸ್ಟ್ರೆಪ್ಟೊಸೈಕ್ಲಿನ್ ನಮ್ಮಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದರಲ್ಲಿರುವುದು ಮನುಷ್ಯರಿಗೂ ಕೊಡುವ ಆಂಟಿಬಯೋಟಿಕ್. ಬೆಳೆಗಳಲ್ಲಿ ಅದನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಅಂಗಡಿಯವರು ಹೇಳಿದರು ಅಂತ ತರಬೇಡಿ. ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈಗಿನ ನಿಯಮ ಕೇಳಿ.

ಕಜ್ಜಿ ಇರುವ ಹಣ್ಣು ತಿನ್ನಬಹುದಾ?

ಧಾರಾಳವಾಗಿ. ಈ ಬ್ಯಾಕ್ಟೀರಿಯಾ ಮನುಷ್ಯರಿಗೆ, ದನಕರುಗಳಿಗೆ ರೋಗ ತರುವುದಿಲ್ಲ. ಕಜ್ಜಿ ಸಿಪ್ಪೆಯಲ್ಲೇ ಇರುತ್ತದೆ. ಚಂದ ಕಾಣದ ಹಣ್ಣಿಗೆ ಮಾರುಕಟ್ಟೆಯಲ್ಲಿ ರೇಟು ಬೀಳುತ್ತದೆ, ರಫ್ತಿಗೆ ತಡೆ ಬರುತ್ತದೆ. ಬೆಳೆಗಾರರಿಗೆ ನಷ್ಟ ಆಗುವುದು ಅಲ್ಲಿ. ಉಪ್ಪಿನಕಾಯಿಗೆ, ಶರಬತ್ತಿಗೆ ಇಂಥ ಹಣ್ಣು ಕೊಂಡರೆ ನಿಮಗೇನೂ ತೊಂದರೆ ಇಲ್ಲ, ಬೆಳೆದವರಿಗೆ ನಾಲ್ಕು ಕಾಸು ಸಿಗುತ್ತದೆ.

ಎಲೆ ಹಳದಿಯಾಗುವ ಗ್ರೀನಿಂಗ್ ರೋಗವೂ ಇದೇನಾ?

ಅಲ್ಲ. ಅದರ ಬ್ಯಾಕ್ಟೀರಿಯಾ ಬೇರೆ, ಅದನ್ನು ಸಿಲ್ಲಾ ಎಂಬ ರಸ ಹೀರುವ ಕೀಟ ಹರಡುತ್ತದೆ. ಅದು ಮರದ ಆಹಾರನಾಳದಲ್ಲಿ ಸೇರಿ ಇಡೀ ಮರವನ್ನೇ ಸೊರಗಿಸುತ್ತದೆ.

ವಿಜಯಪುರದ ಕಡೆ ಲಿಂಬೆ ಬೆಳೆಯುವವರು ಏನು ಮಾಡಬೇಕು?

ಇಂಡಿ ಭಾಗದ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರಿಗೆ ತಕ್ಕ ಬೆಲೆ ಬರಬೇಕಾದರೆ ಹಣ್ಣಿನ ಮೈ ಚೊಕ್ಕಟವಾಗಿರಬೇಕು.

ಸಸಿಯಿಂದಲೇ ಶುರುಮಾಡಿ. ರೋಗ ದೂರದೂರಿಗೆ ಹೋಗುವುದು ಮುಖ್ಯವಾಗಿ ಸಸಿಗಳ ಜೊತೆ. ನರ್ಸರಿಯಲ್ಲಿ ಒಂದು ಸಸಿಯ ಮೇಲೆ ಕಜ್ಜಿ ಕಂಡರೂ ಆ ಮಡಿಯಿಂದ ಏನನ್ನೂ ತರಬೇಡಿ. ರೋಗದ ರೆಂಬೆಗಳನ್ನು ಒಣ ಹವೆಯಲ್ಲಿ ಕತ್ತರಿಸಿ ಸುಡಿ. ಎಲೆ ಒದ್ದೆ ಇರುವಾಗ ತೋಟದೊಳಗೆ ಕತ್ತರಿ ಹಿಡಿದು ಓಡಾಡಬೇಡಿ, ರೋಗವನ್ನು ಮರದಿಂದ ಮರಕ್ಕೆ ಹಂಚುವವರು ನೀವೇ ಆಗುತ್ತೀರಿ. ಗಾಳಿ ಬರುವ ದಿಕ್ಕಿಗೆ ಸರ್ವೆ ಅಥವಾ ಸಿಲ್ವರ್ ಓಕ್ ಸಾಲು ಹಾಕಿ. ಮೇಲೆ ಹೇಳಿದ 8 ಮೀಟರಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಾಳಿ ಅದಕ್ಕಿಂತ ಕಡಿಮೆಯಾದರೆ ನೀರು ಎಲೆಯೊಳಗೆ ನುಗ್ಗುವುದು ಕಷ್ಟ. ಬ್ರೆಜಿಲ್, ಅರ್ಜೆಂಟೀನಾದ ಬೆಳೆಗಾರರು ಗಾಳಿತಡೆಯನ್ನು ಔಷಧಿಯಷ್ಟೇ ನಂಬುತ್ತಾರೆ.

ತಳಿಯ ವಿಷಯಕ್ಕೆ ಬಂದರೆ, ತಿರುಪತಿಯಿಂದ ಬಂದ ಬಾಲಾಜಿ ತಳಿ ಕಜ್ಜಿಯನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ.

ಎಲೆಯ ಮಾದರಿಯನ್ನು ಪರೀಕ್ಷೆಗೆ ಕಳಿಸುವುದು ಹೇಗೆ?

ಹೊಸ ಹುಣ್ಣು ಇರುವ ನಾಲ್ಕಾರು ಎಲೆ ಆರಿಸಿ. ಹಳೆಯ, ಒಣಗಿದ ಹುಣ್ಣಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಸೇರಿಕೊಂಡಿರುತ್ತವೆ. ಮಳೆ ನಿಂತು ಎಲೆ ಆರಿದ ಮೇಲೆ ಕೀಳಿ. ಒದ್ದೆ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಕೊಳೆಯುತ್ತದೆ, ಪೇಪರಿನಲ್ಲಿ ಸುತ್ತಿ. ಊರು, ತಳಿ, ಗಿಡದ ವಯಸ್ಸು, ಕೊನೆಯ ಸಲ ಏನು ಸಿಂಪಡಿಸಿದ್ದೀರಿ, ಯಾವಾಗ ಅಂತ ಒಂದು ಚೀಟಿ ಬರೆದು ಜೊತೆಗಿಡಿ. ತಾಮ್ರ ಹೊಡೆದ ಮರುದಿನವೇ ಕಿತ್ತ ಎಲೆಯಿಂದ ಬ್ಯಾಕ್ಟೀರಿಯಾ ಬೆಳೆಸುವುದು ಕಷ್ಟ, ಹಾಗಾಗಿ ಸಿಂಪಡಣೆಗೆ ಮೊದಲೇ ಕಿತ್ತುಕೊಳ್ಳಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ ತಲುಪಿಸಿ.